ಯೋಬನ ತಾಳ್ಮೆಯ ಸ್ವರೂಪವಿಚಾರ

ಪ್ರಾರ್ಥನೆಗೆ ಫಲವು ದೊರೆತಲ್ಲಿ ಸ್ತೋತ್ರವು ಹುಟ್ಟುವುದು ಸಹಜ. ಫಲವೂ ದೊರೆಯದೆ, ದೊರೆಯದಿರುವುದಕ್ಕೆ ಕಾರಣವೂ ತಿಳಿಯದೆ ಇರುವಲ್ಲಿ ಎಂತಹ ವಾಙ್ಮಯವು ಹುಟ್ಟುವುದೆಂಬುದು ಸಾಹಿತ್ಯವಿಮರ್ಶಕರು ವಿಚಾರಿಸತಕ್ಕ ವಿಷಯ. ಈ ಎರಡನೆಯ ಬಗೆಯ ವಾಙ್ಮಯಕ್ಕೆ ಕ್ರೈಸ್ತರ ಧರ್ಮಗ್ರಂಥದಲ್ಲಿ ದೊರೆತಿರುವ ಸ್ಥಾನವು ಅಲ್ಪವಾದುದಲ್ಲ. ಯೆಹೂದ್ಯರಿಂದ ಕ್ರೈಸ್ತರಿಗೆ ಬಂದ ೧೫೦ ಕೀರ್ತನೆಗಳಲ್ಲಿ ಹೆಚ್ಚುಕಡಮೆ ಮೂರರಲ್ಲೊಂದು ಪಾಲು ಮೊರೆಯ ಕೀರ್ತನೆಗಳೇ ಆಗಿವೆ. ಯೋಬನ ಗ್ರಂಥಕ್ಕೆ ಅದೇ ಪ್ರಧಾನವಾದ ವಸ್ತು. ಶಿಲುಬೆಯ ಮೇಲೆ ಕ್ರಿಸ್ತನ ಬಾಯಿಂದ ಹೊರಟ ಮಾತುಗಳಲ್ಲೊಂದು ೨೨ನೆಯ ಕೀರ್ತನೆಯ ಆರಂಭದ ಮೊರೆಯೇ ಆಗಿದೆ. ಆದುದರಿಂದ ಉತ್ತರ ಕಾಣದ ಪ್ರಾರ್ಥನೆಯು ಆ ಮತದ ಅಂಚಿನಲ್ಲಿರುವ ವಿಷಯವಲ್ಲ, ಅದರ ನಡುವಿನಲ್ಲಿಯೇ ಇರುವ ವಿಷಯ. ಇದರಲ್ಲಿ ತಾಳ್ಮೆಯೆಂದರೆ ಏನೆಂಬುದನ್ನು ಮುಖ್ಯವಾಗಿ ಯೋಬನ ಗ್ರಂಥದ ಆಧಾರದಿಂದ ನಿರ್ಣಯಿಸುವುದು ಈ ಲೇಖನದ ಉದ್ದೇಶ.

ಯೋಬನ ಹೆಸರನ್ನು ಕೇಳಿದೊಡನೆ ತುಟಿಬಿಚ್ಚದೆ ದುಃಖವನ್ನು ನುಂಗಿಕೊಂಡ ಸಾಧುಪುರುಷನೊಬ್ಬನ ಚಿತ್ರವು ಬಹುಮಂದಿಯ ಮನಸ್ಸಿಗೆ ಬರುವುದುಂಟು. ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಪತ್ರಿಕೆಯು ಆತನನ್ನು ತಾಳ್ಮೆಗೆ ಆದರ್ಶನೆಂದು ಹೇಳಿರುವುದೂ, ಗ್ರಂಥದ ಮೊದಲ ೨ ಅಧ್ಯಾಯಗಳೂ ಈ ಭಾವನೆಗೆ ಆಧಾರ. ಆ ಅಧ್ಯಾಯಗಳು ಗದ್ಯದಲ್ಲಿವೆ. ಊಚ್ ದೇಶದ ಯೋಬನು ಒಂದೇ ದಿನದಲ್ಲಿ ಪಶುಸಂಪತ್ತನ್ನೂ ಮಕ್ಕಳನ್ನೂ ಕಳೆದುಕೊಳ್ಳುತ್ತಾನೆ. ಬಳಿಕ ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕುಳಿತುಕೊಳ್ಳುತ್ತಾನೆ. ಆದರೂ ದೇವರನ್ನು ದೂಷಿಸುವುದಿಲ್ಲ. ದೂಷಿಸೆಂದ ಹೆಂಡತಿಯನ್ನು ಗದರಿಸುತ್ತಾನೆ. ಗ್ರಂಥವು ಇಲ್ಲಿಗೇ ಮುಗಿದಿದ್ದರೆ ಮೇಲೆ ಹೇಳಿದ ಚಿತ್ರದಲ್ಲಿ ದೋಷವೇನೂ ಇರುತ್ತಿರಲಿಲ್ಲ. ಆದರೆ ಗ್ರಂಥದ ೪೨ ಅಧ್ಯಾಯಗಳಲ್ಲಿ ಈ ಗದ್ಯವು ಕೇವಲ ಚೌಕಟ್ಟು. ೩ನೆಯ ಅಧ್ಯಾಯದಲ್ಲಿ ಪದ್ಯವು ಆರಂಭವಾಗುತ್ತಲೇ ಯೋಬನು ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ. ಅಲ್ಲಿಂದ ಮುಂದೆ ೩೧ನೆಯ ಅಧ್ಯಾಯದವರೆಗೆ ಆತನ ದೂರು, ವಾದ, ಆಕ್ರಂದನಗಳಿಗೆ ಎಡೆಯಿಲ್ಲ. ಹಾಗಾದರೆ ಪತ್ರಿಕೆಯನ್ನು ಬರೆದವನು ಗ್ರಂಥವನ್ನು ಪೂರ್ತಿಯಾಗಿ ಓದಲಿಲ್ಲವೆನ್ನಬೇಕು, ಇಲ್ಲವೆ ತಾಳ್ಮೆಯೆಂಬ ಶಬ್ದಕ್ಕೆ ಲೋಕವು ಮಾಡಿಕೊಂಡಿರುವ ಅರ್ಥವು ಸರಿಯಲ್ಲವೆನ್ನಬೇಕು. ಎರಡನೆಯ ಪಕ್ಷವೇ ಯುಕ್ತವಾದುದು.

ಮೊದಲು ಶಬ್ದವಿಚಾರ. ಯಾಕೋಬನ ಪತ್ರಿಕೆಯ ೫ನೆಯ ಅಧ್ಯಾಯದಲ್ಲಿ ಸಮೀಪಾರ್ಥವುಳ್ಳ ಎರಡು ಗ್ರೀಕ್ ಶಬ್ದಗಳು ಬಂದಿವೆ. ಮಳೆಗಾಗಿ ಕಾದಿರುವ ಒಕ್ಕಲಿಗನ ದೃಷ್ಟಾಂತದಲ್ಲಿ ಬಂದಿರುವುದು ‘ಮಕ್ರೊಥುಮಿಯ’ ಎಂಬುದಕ್ಕೆ ಸೇರಿದ ಕ್ರಿಯಾಪದ. ಬೇಗನೆ ಕೆರಳದ, ಬಹುಕಾಲ ಸಮಾಧಾನದಿಂದಿರುವ ಚಿತ್ತವೃತ್ತಿಯು ಅದರ ಅರ್ಥ. ಯೋಬನ ಹೆಸರನ್ನೆತ್ತುವಾಗ ಮಾತ್ರ ಪತ್ರಿಕೆಯು ಆ ಶಬ್ದವನ್ನು ಬಿಟ್ಟು ‘ಹುಪೊಮೊನೆ’ ಎಂಬುದನ್ನು ಹಿಡಿದಿದೆ. ‘ಹುಪೊ’ ಎಂದರೆ ಕೆಳಗೆ; ‘ಮೆನೊ’ ಎಂದರೆ ನಿಲ್ಲುವುದು, ಉಳಿಯುವುದು. ಹೊರೆಯ ಕೆಳಗೆ ನಿಂತ ಸ್ಥಳವನ್ನು ಬಿಡದೆ ಉಳಿಯುವುದೆಂದು ಅವಯವಾರ್ಥ. ಮೌನವೆಂಬ ಅರ್ಥವು ಇದರ ಯಾವ ಅವಯವದಲ್ಲಿಯೂ ಇಲ್ಲ. ಕನ್ನಡದ ‘ತಾಳ್’ ಧಾತುವೂ ಹೀಗೆಯೇ ಇದೆ. ಹೊರುವುದು, ಸಹಿಸುವುದು, ಬಾಳಿಕೆಬರುವುದು ಇವೆಲ್ಲವೂ ಅದರ ಅರ್ಥಗಳು. ‘ಸ್ವಲ್ಪ ತಾಳು’ ಎಂಬ ವ್ಯವಹಾರದಲ್ಲಿ ಕಾದಿರುವುದೆಂಬ ಅರ್ಥವೂ ಉಂಟು. ಹೊರುವುದನ್ನೂ ಕಾಯುವುದನ್ನೂ ಒಂದೇ ಧಾತುವಿನಲ್ಲಿ ಅಡಕಮಾಡಿಕೊಂಡಿರುವ ‘ತಾಳ್ಮೆ’ ಎಂಬ ಶಬ್ದವು ಈ ಗ್ರಂಥದ ವಿಚಾರಕ್ಕೆ ತಕ್ಕದ್ದಾಗಿಯೇ ಇದೆ.

ಇದನ್ನು ‘ತಿತಿಕ್ಷೆ’ಯೆಂದು ಕರೆಯುವುದು ಮಾತ್ರ ಉಚಿತವಲ್ಲ. ಶಂಕರಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ವಿವೇಕಚೂಡಾಮಣಿಯಲ್ಲಿ ತಿತಿಕ್ಷೆಯ ಲಕ್ಷಣವನ್ನು ಹೇಳುವಾಗ, ಪ್ರತೀಕಾರವನ್ನು ಬಯಸದೆ ದುಃಖವನ್ನು ಸಹಿಸುವುದೆಂಬುದರ ಜೊತೆಗೆ, ಆ ಸಹನವು ಚಿಂತೆ ವಿಲಾಪಗಳಿಲ್ಲದುದಾಗಿರಬೇಕೆಂಬ ವಿಶೇಷಣವನ್ನೂ ಸೇರಿಸಿದೆ. ಮುಮುಕ್ಷುವಿನ ಸಾಧನಸಂಪತ್ತಿನಲ್ಲಿ ಆ ವಿಶೇಷಣವು ಅವಶ್ಯವೇ ಸರಿ. ಯೋಬನಲ್ಲಿಯಾದರೋ ಚಿಂತೆಯೂ ಇದೆ, ವಿಲಾಪವೂ ಇದೆ, ಪ್ರತೀಕಾರದ ಅಪೇಕ್ಷೆಯೂ ಇದೆ. ಆದರೂ ಆತನು ನಿಂತ ಸ್ಥಳವನ್ನು ಬಿಟ್ಟವನಲ್ಲ. ಎರಡು ಮತಗಳ ಸಹನೆಗಳನ್ನು ಒಂದೇ ಹೆಸರಿನಿಂದ ಕರೆದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಇನ್ನು ಸಂವಾದಭಾಗವನ್ನು ನೋಡಬಹುದು. ಯೋಬನನ್ನು ಸಂತೈಸಲು ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬರುತ್ತಾರೆ. ೭ ಹಗಲು ೭ ರಾತ್ರಿ ಅವರು ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕುಳಿತಿದ್ದರೆಂದು ಗ್ರಂಥವು ಹೇಳುತ್ತದೆ. ಅಷ್ಟರವರೆಗೆ ಅವರು ಗೆಳೆಯರೇ ಸರಿ. ಯೋಬನು ಬಾಯಿಬಿಟ್ಟ ಮೇಲೆ ಅವರೂ ಬಾಯಿಬಿಡುತ್ತಾರೆ. ಸಂವಾದವು ಮೂರು ಆವೃತ್ತಿಗಳಲ್ಲಿ ನಡೆಯುತ್ತದೆ. ಮೂರನೆಯದರಲ್ಲಿ ಬಿಲ್ದದನ ಮಾತು ಬಹಳ ಮೊಟಕಾಗಿದೆ, ಚೋಫರನ ಮಾತು ಇಲ್ಲವೇ ಇಲ್ಲ. ಅವರ ಸಿದ್ಧಾಂತವು ಒಂದೇ: ದೇವರು ನ್ಯಾಯವಂತನಾದುದರಿಂದ ದುಃಖವು ಪಾಪದ ಫಲ, ಆದುದರಿಂದ ಯೋಬನು ಪಾಪಿ. ಎಲೀಫಜನು ಮೃದುವಾಗಿ ಆರಂಭಿಸುತ್ತಾನೆ. ಬಿಲ್ದದನು ಸತ್ತ ಮಕ್ಕಳು ತಮ್ಮ ಪಾಪದಿಂದಲೇ ಸತ್ತಿರಬೇಕೆಂದು ಸೂಚಿಸುತ್ತಾನೆ. ಯೋಬನ ದೋಷಕ್ಕೆ ತಕ್ಕಷ್ಟು ಶಿಕ್ಷೆ ಇನ್ನೂ ಆಗಿಲ್ಲವೆಂಬ ಮಟ್ಟಿಗೆ ಚೋಫರನು ಹೋಗುತ್ತಾನೆ. ಕಡೆಗೆ ೨೨ನೆಯ ಅಧ್ಯಾಯದಲ್ಲಿ ಮೊದಲಿನ ಮೃದುಭಾಷಿಯಾದ ಎಲೀಫಜನೇ, ಬಾಯಾರಿದವರಿಗೆ ನೀರು ಕೊಡಲಿಲ್ಲ, ವಿಧವೆಯರನ್ನು ಬರಿಗೈಯಲ್ಲಿ ಕಳುಹಿಸಿದೆ ಎಂದು ಎಂದೂ ನಡೆಯದ ಅಪರಾಧಗಳನ್ನು ಅವನ ಮೇಲೆ ಹೊರಿಸುತ್ತಾನೆ. ಸಿದ್ಧಾಂತವನ್ನು ಉಳಿಸುವುದಕ್ಕಾಗಿ ಸಾಕ್ಷ್ಯವನ್ನು ಕಲ್ಪಿಸಿಕೊಳ್ಳುವವರ ಈ ಅಧೋಗತಿಯನ್ನು ಕವಿಯು ಮೆಟ್ಟಲು ಮೆಟ್ಟಲಾಗಿ ತೋರಿಸಿದ್ದಾನೆ.

ಇಲ್ಲಿ ವ್ಯಾಕರಣದ ಒಂದಂಶವು ಗಮನಾರ್ಹವಾದುದು. ಗೆಳೆಯರ ಮಾತಿನಲ್ಲಿ ದೇವರು ಸರ್ವತ್ರ ಪ್ರಥಮಪುರುಷ; ‘ಆತನು ಹೀಗೆ ಮಾಡುವನು, ಆತನು ಅಂಥವನು’ ಎಂಬುದೇ ಅವರ ರೀತಿ. ಅವರಲ್ಲಿ ಒಬ್ಬನೂ ಒಂದು ಸಲವೂ ದೇವರನ್ನು ಕೂಗಿ ಮಾತನಾಡುವುದಿಲ್ಲ. ಪ್ರಾರ್ಥಿಸೆಂದು ಯೋಬನಿಗೆ ಉಪದೇಶ ಮಾಡುವರೇ ಹೊರತು ಗೆಳೆಯನಿಗಾಗಿ ತಾವು ಪ್ರಾರ್ಥಿಸುವುದಿಲ್ಲ. ಯೋಬನಾದರೋ ಗೆಳೆಯರಿಗೆ ಉತ್ತರ ಕೊಡುತ್ತಿರುವಂತೆಯೇ ಅವರನ್ನು ಬಿಟ್ಟು ದೇವರ ಕಡೆಗೆ ತಿರುಗಿ ಮಧ್ಯಮಪುರುಷದಲ್ಲಿ ಮಾತನಾಡತೊಡಗುತ್ತಾನೆ. ೭, ೧೦, ೧೩, ೧೪, ೩೦ನೆಯ ಅಧ್ಯಾಯಗಳಲ್ಲಿ ಈ ತಿರುವನ್ನು ಕಾಣಬಹುದು. ಆ ಮಾತುಗಳು ಕಠೋರವಾಗಿವೆ. ದೇವರನ್ನು ಬೇಟೆಗಾರನೆಂದೂ ಕಾವಲುಗಾರನೆಂದೂ ಅವು ಚಿತ್ರಿಸುತ್ತವೆ. ಆದರೂ ಅವು ದೇವರನ್ನು ಕುರಿತು ಆಡಿದ ಮಾತುಗಳಲ್ಲ, ದೇವರೊಡನೆ ಆಡಿದ ಮಾತುಗಳು. ಗ್ರಂಥಾಂತ್ಯದಲ್ಲಿ ದೇವರು ಎಲೀಫಜನಿಗೆ, ನೀನೂ ನಿನ್ನ ಗೆಳೆಯರಿಬ್ಬರೂ ಯೋಬನಂತೆ ಸರಿಯಾಗಿ ಮಾತನಾಡಲಿಲ್ಲವೆಂದು ಹೇಳುತ್ತಾನೆ. ಅಲ್ಲಿರುವ ಹೀಬ್ರೂ ಉಪಸರ್ಗವನ್ನು ‘ನನ್ನ ವಿಷಯವಾಗಿ’ ಎಂದು ಭಾಷಾಂತರಕಾರರು ಅರ್ಥಮಾಡುವುದು ರೂಢಿ. ಆ ಉಪಸರ್ಗಕ್ಕೆ ಸಾಮಾನ್ಯವಾದ ಅರ್ಥವು ‘ಕಡೆಗೆ’ ಎಂಬುದು. ಯಾವ ಅರ್ಥವನ್ನು ಹಿಡಿದರೂ ದೇವರ ಪಕ್ಷವನ್ನು ವಹಿಸಿದವರು ತಿರಸ್ಕೃತರಾದರು, ದೇವರ ಮೇಲೆ ದೂರು ತಂದವನು ಪುರಸ್ಕೃತನಾದನು ಎಂಬುದು ನಿಶ್ಚಿತ. ದುಃಖಿತನನ್ನು ಸುಮ್ಮನಿರಿಸುವುದಕ್ಕೆ ಯೋಬನ ಹೆಸರನ್ನು ಬಳಸುವ ಬೋಧಕರು ತಿಳಿಯದೆ ಎಲೀಫಜನ ಪೀಠದಲ್ಲಿ ಕುಳಿತುಕೊಳ್ಳುತ್ತಾರೆ.

ಯೋಬನ ಮಾತಿನ ಕಾವ್ಯಗುಣಕ್ಕೆ ಎರಡು ಸ್ಥಳಗಳನ್ನು ಉದಾಹರಿಸಿದರೆ ಸಾಕು. ೭ನೆಯ ಅಧ್ಯಾಯದ ೬ನೆಯ ವಚನದಲ್ಲಿ ತನ್ನ ದಿನಗಳನ್ನು ಆತನು ನೆಯ್ಗೆಯವನ ಲಾಳಿಗೆ ಹೋಲಿಸಿ, ಅವು ‘ತಿಕ್ವಾ’ ಇಲ್ಲದೆ ಮುಗಿಯುತ್ತವೆನ್ನುತ್ತಾನೆ. ಹೀಬ್ರೂ ಭಾಷೆಯಲ್ಲಿ ‘ತಿಕ್ವಾ’ ಎಂದರೆ ನಿರೀಕ್ಷೆ. ನೂಲು, ಹಗ್ಗ ಎಂಬ ಅರ್ಥವೂ ಅದಕ್ಕುಂಟು. ಯೆಹೋಶುವನ ಗ್ರಂಥದಲ್ಲಿ ರಾಹಾಬಳು ಕಿಟಕಿಗೆ ಕಟ್ಟಿದ ಕೆಂಪು ದಾರಕ್ಕೆ ಇದೇ ಶಬ್ದವಿದೆ. ಲಾಳಿಯ ನೂಲು ಮುಗಿಯುವುದೂ ಬಾಳಿನ ನಿರೀಕ್ಷೆ ಮುಗಿಯುವುದೂ ಇಲ್ಲಿ ಒಂದೇ ಶಬ್ದದಲ್ಲಿ ಕೂಡಿವೆ. ಈ ಶ್ಲೇಷವು ಶಬ್ದಕ್ರೀಡೆಗಾಗಿ ತಂದುದಲ್ಲ. ಉಪಮೆಯ ಜೀವವೇ ಅದರಲ್ಲಿದೆ. ಭಾಷಾಂತರದಲ್ಲಿ ‘ನಿರೀಕ್ಷೆಯಿಲ್ಲದೆ’ ಎಂದಷ್ಟೇ ಹೇಳಿದರೆ ಲಾಳಿಯು ವೇಗಕ್ಕೆ ಮಾತ್ರ ಉಪಮಾನವಾಗಿ ಉಳಿಯುವುದು.

ಎರಡನೆಯದು ೧೩ನೆಯ ಅಧ್ಯಾಯದ ೧೫ನೆಯ ವಚನ. ಇಲ್ಲಿ ಪ್ರಸಿದ್ಧವಾದ ಪಾಠಭೇದವಿದೆ. ‘ಲೋ’ ಎಂಬ ಒಂದೇ ಉಚ್ಚಾರಣೆಯುಳ್ಳ ಎರಡು ಶಬ್ದಗಳು ಹೀಬ್ರೂವಿನಲ್ಲಿ ಬೇರೆ ಬೇರೆ ಅಕ್ಷರಗಳಿಂದ ಬರೆಯಲ್ಪಡುತ್ತವೆ. ಒಂದಕ್ಕೆ ‘ಇಲ್ಲ’ ಎಂದೂ, ಇನ್ನೊಂದಕ್ಕೆ ‘ಆತನಿಗೆ’ ಎಂದೂ ಅರ್ಥ. ಮೂಲದಲ್ಲಿ ಬರೆದಿರುವುದು ಮೊದಲನೆಯದು. ಓದತಕ್ಕುದೆಂದು ಸಂಪ್ರದಾಯಜ್ಞರು ಸೂಚಿಸಿರುವುದು ಎರಡನೆಯದು. ಮೊದಲ ಪಾಠದಂತೆ, ದೇವರು ಕೊಂದರೆ ತನಗೆ ನಿರೀಕ್ಷೆಯಿಲ್ಲವೆಂದು ಯೋಬನು ಹೇಳಿದಂತಾಯಿತು. ಎರಡನೆಯದರಂತೆ, ಕೊಂದರೂ ಆತನನ್ನೇ ನಿರೀಕ್ಷಿಸುವೆನೆಂದಂತಾಯಿತು. ೧೬೧೧ರ ಇಂಗ್ಲಿಷ್ ಭಾಷಾಂತರವು ಎರಡನೆಯದನ್ನು ಸ್ವೀಕರಿಸಿ, ಆ ವಚನವನ್ನು ಭಕ್ತರ ಬಾಯಲ್ಲಿ ನೆಲೆಗೊಳಿಸಿತು. ಮೊದಲ ಪಾಠವು ಸಂದರ್ಭಕ್ಕೆ ಹೆಚ್ಚು ಹೊಂದುವುದೆಂಬ ಪಕ್ಷಕ್ಕೂ ಬಲವುಂಟು. ಆದರೆ ವಚನದ ಉತ್ತರಾರ್ಧದಲ್ಲಿ ವಿವಾದವಿಲ್ಲ: ತನ್ನ ನಡತೆಯನ್ನು ದೇವರ ಮುಖದೆದುರಿಗೇ ಸಮರ್ಥಿಸಿಕೊಳ್ಳುವೆನೆಂದು ಅದರ ತಾತ್ಪರ್ಯ. ನಿರೀಕ್ಷೆಯಿದ್ದರೂ ಇಲ್ಲದಿದ್ದರೂ ಆತನು ಹೋಗಿ ನಿಲ್ಲುವ ಸ್ಥಳವು ಒಂದೇ. ತಾಳ್ಮೆಯ ಲಕ್ಷಣವನ್ನು ಈ ಉತ್ತರಾರ್ಧದಲ್ಲಿ ಹುಡುಕಬೇಕು.

೩೮ನೆಯ ಅಧ್ಯಾಯದಲ್ಲಿ ಬಿರುಗಾಳಿಯೊಳಗಿಂದ ದೇವರು ಮಾತನಾಡುತ್ತಾನೆ. ಇಲ್ಲಿ ಒಂದು ಶಂಕೆ ಹುಟ್ಟುವುದು ಸಹಜ. ಯೋಬನು ಕೇಳಿದ್ದು ತನ್ನ ದುಃಖದ ಕಾರಣವನ್ನು. ದೇವರು ಹೇಳಿದ್ದು ಭೂಮಿಯ ಅಸ್ತಿವಾರ, ಹಿಮದ ಉಗ್ರಾಣ, ಕಾಡುಕತ್ತೆ, ಉಷ್ಟ್ರಪಕ್ಷಿ, ಯುದ್ಧದ ಕುದುರೆ ಇವುಗಳ ವಿಷಯವನ್ನು. ಪ್ರಶ್ನೆಗೆ ಪ್ರಶ್ನೆಗಳೇ ಉತ್ತರವಾದರೆ ಅದು ಉತ್ತರವೆನಿಸುವುದೆ? ಮೊದಲನೆಯ ಅಧ್ಯಾಯದಲ್ಲಿ ಸೈತಾನನೊಡನೆ ನಡೆದ ಮಾತನ್ನು ವಾಚಕರು ಬಲ್ಲರು. ಯೋಬನಿಗೆ ಅದು ಗ್ರಂಥಾಂತ್ಯದವರೆಗೂ ತಿಳಿಯುವುದಿಲ್ಲ. ಕವಿಗೆ ಬೇಕಾಗಿದ್ದರೆ ಒಂದು ವಾಕ್ಯದಲ್ಲಿ ತಿಳಿಸಿಬಿಡಬಹುದಾಗಿತ್ತು. ತಿಳಿಸದೆ ಬಿಟ್ಟುದು ಬುದ್ಧಿಪೂರ್ವಕವಾದುದೆಂದೇ ತಿಳಿಯಬೇಕು. ಸಮಾಧಾನವೇನೆಂದರೆ, ಯೋಬನ ಕಡೆಯ ಬೇಡಿಕೆಯು ಕಾರಣವಾಗಿರಲಿಲ್ಲ. ೩೧ನೆಯ ಅಧ್ಯಾಯದ ಕೊನೆಯಲ್ಲಿ ಆತನು ಬೇಡುವುದು ಸರ್ವಶಕ್ತನು ತನಗೆ ಮಾರುತ್ತರ ಕೊಡಲಿ ಎಂಬುದನ್ನು. ಆ ಬೇಡಿಕೆಯು ನೆರವೇರಿತು. ಇದುವರೆಗೆ ಕಿವಿಯಿಂದ ಕೇಳಿದ್ದವನನ್ನು ಈಗ ಕಣ್ಣು ಕಂಡಿತೆಂದು ಯೋಬನು ೪೨ನೆಯ ಅಧ್ಯಾಯದಲ್ಲಿ ಹೇಳುವಾಗ, ಪರೋಕ್ಷವಾಗಿದ್ದುದು ಪ್ರತ್ಯಕ್ಷವಾಯಿತೆಂಬುದೇ ಆತನ ತೃಪ್ತಿಗೆ ಹೇತು, ಸಂಶಯವು ಪರಿಹಾರವಾಯಿತೆಂಬುದಲ್ಲ.

ಗ್ರಂಥದ ಉಪಸಂಹಾರವು ಮಾತ್ರ ವಿಮರ್ಶಕರಿಗೆ ತೊಡಕಾಗಿದೆ. ೭,೦೦೦ ಕುರಿಗಳನ್ನು ಕಳೆದುಕೊಂಡವನಿಗೆ ೧೪,೦೦೦ ಕುರಿಗಳೂ, ೩,೦೦೦ ಒಂಟೆಗಳನ್ನು ಕಳೆದುಕೊಂಡವನಿಗೆ ೬,೦೦೦ ಒಂಟೆಗಳೂ ಬರುತ್ತವೆ. ಸಜ್ಜನನಿಗೆ ಸಂಪತ್ತೆಂಬ ಗೆಳೆಯರ ಸಿದ್ಧಾಂತವೇ ಹಿಂದಿನ ಬಾಗಿಲಿನಿಂದ ಒಳಕ್ಕೆ ಬಂದಂತೆ ಇದು ತೋರುತ್ತದೆ. ರಾಮಾಯಣದಲ್ಲಿ ಭೂಗತಳಾದ ಸೀತೆಯನ್ನು ಭವಭೂತಿಯು ಉತ್ತರರಾಮಚರಿತದ ಕೊನೆಯಲ್ಲಿ ರಾಮನೊಡನೆ ಕೂಡಿಸಿದುದಕ್ಕೆ ನಾಟ್ಯಸಂಪ್ರದಾಯದ ಬೆಂಬಲವಿತ್ತು. ಇಲ್ಲಿ ಹಳೆಯ ಕಥೆಯ ಬೆಂಬಲವಿದ್ದಿರಬಹುದು. ಉಪಸಂಹಾರವನ್ನು ಪೂರ್ತಿಯಾಗಿ ಸಮರ್ಥಿಸುವುದು ಕಷ್ಟ. ಆದರೂ ಎರಡು ಸಂಗತಿಗಳನ್ನು ಮರೆಯಬಾರದು. ಸಂಪತ್ತು ಹಿಂದಿರುಗಿದುದು ಯೋಬನು ತನಗಾಗಿ ಪ್ರಾರ್ಥಿಸಿದಾಗಲ್ಲ, ತನ್ನನ್ನು ನೋಯಿಸಿದ ಗೆಳೆಯರಿಗಾಗಿ ಪ್ರಾರ್ಥಿಸಿದಾಗ. ಪಶುಗಳು ಇಮ್ಮಡಿಯಾದರೂ ಮಕ್ಕಳು ಇಮ್ಮಡಿಯಾಗಲಿಲ್ಲ. ಮೊದಲಿನಂತೆ ೭ ಮಂದಿ ಗಂಡುಮಕ್ಕಳು, ೩ ಮಂದಿ ಹೆಣ್ಣುಮಕ್ಕಳು. ಸತ್ತವರು ಹಿಂದಿರುಗಿದರೆಂದು ಗ್ರಂಥವು ಹೇಳುವುದಿಲ್ಲ. ಆ ನಷ್ಟವು ನಷ್ಟವಾಗಿಯೇ ಉಳಿದಿದೆ.

ಇಂತಹ ಕಾವ್ಯದ ರಸವು ಯಾವುದು? ದುಃಖವು ಪ್ರಧಾನವಾದುದರಿಂದ ಕರುಣವೆಂದು ಮೊದಲು ತೋರುವುದು. ಆದರೆ ಭರತನು ನಾಟ್ಯಶಾಸ್ತ್ರದ ೬ನೆಯ ಅಧ್ಯಾಯದಲ್ಲಿ ಕರುಣಕ್ಕೂ ವಿಪ್ರಲಂಭಕ್ಕೂ ಭೇದವನ್ನು ಹೇಳುವಾಗ, ಕರುಣವು ನಿರಪೇಕ್ಷಭಾವವುಳ್ಳದ್ದು, ವಿಪ್ರಲಂಭವು ಸಾಪೇಕ್ಷಭಾವವುಳ್ಳದ್ದು ಎಂದಿದ್ದಾನೆ. ಕಣ್ಣೀರು ಎರಡರಲ್ಲಿಯೂ ಉಂಟು. ಮರಳಿ ಸೇರುವೆವೆಂಬ ಅಪೇಕ್ಷೆಯು ಕಡಿದುಹೋದಲ್ಲಿ ಕರುಣ, ಕಡಿಯದಲ್ಲಿ ವಿಪ್ರಲಂಭ. ಈ ಭೇದವು ಶೃಂಗಾರವನ್ನು ಕುರಿತದ್ದೆಂಬುದೂ, ದೇವವಿಷಯಕವಾದ ರತಿಯನ್ನು ಮಮ್ಮಟನು ರಸವೆನ್ನದೆ ಭಾವವೆಂದಿರುವುದೂ ಸತ್ಯವೇ. ಭಕ್ತಿಯನ್ನು ರಸವೆಂದು ಸ್ಥಾಪಿಸಿದ ರೂಪಗೋಸ್ವಾಮಿಯ ಪಕ್ಷವೂ ಒಂದಿದೆ. ಆ ವಾದವನ್ನು ಇಲ್ಲಿ ತೀರ್ಮಾನಿಸಬೇಕಾಗಿಲ್ಲ. ಸಾಪೇಕ್ಷ ನಿರಪೇಕ್ಷಗಳೆಂಬ ವಿಭಾಗವಷ್ಟನ್ನು ಸ್ವೀಕರಿಸಿದರೆ ಮೊರೆಯ ಕಾವ್ಯದ ಮರ್ಮವು ತಿಳಿಯುತ್ತದೆ.

ಈ ವಿಭಾಗವನ್ನು ಯೋಬನ ಮಾತಿನಷ್ಟು ದೀರ್ಘವಲ್ಲದ ಕೀರ್ತನೆಗಳಲ್ಲಿ ಪರೀಕ್ಷಿಸುವುದು ಸುಲಭ. ೧೩ನೆಯ ಕೀರ್ತನೆಯು ೬ ವಚನಗಳದು. ‘ಎಷ್ಟರವರೆಗೆ’ ಎಂಬ ಪ್ರಶ್ನೆಯು ಮೊದಲಲ್ಲಿ ೪ ಸಲ ಬರುತ್ತದೆ, ನಡುವೆ ಬೇಡಿಕೆ, ಕೊನೆಗೆ ಭರವಸೆ ಮತ್ತು ಹಾಡು. ಮೊರೆಯ ಕೀರ್ತನೆಗಳಲ್ಲಿ ಸಾಮಾನ್ಯವಾಗಿ ಈ ಕ್ರಮವಿರುವುದೆಂಬುದನ್ನು ಜರ್ಮನ್ ವಿದ್ವಾಂಸನಾದ ಹೆರ್ಮನ್ ಗುಂಕೆಲನು (೧೮೬೨–೧೯೩೨) ವಿಶದಪಡಿಸಿದ್ದಾನೆ. ಇಂತಹವುಗಳಲ್ಲಿ ಅಪೇಕ್ಷೆಯು ಇರುವುದು ಸ್ಪಷ್ಟ. ಆದರೆ ೮೮ನೆಯ ಕೀರ್ತನೆಯಲ್ಲಿ ಆ ತಿರುವು ಇಲ್ಲ. ಭರವಸೆಯ ವಾಕ್ಯವಿಲ್ಲ, ಹಾಡಿನ ಪ್ರತಿಜ್ಞೆಯಿಲ್ಲ. ಹೀಬ್ರೂ ಮೂಲದಲ್ಲಿ ಕತ್ತಲೆಯೆಂಬರ್ಥದ ಶಬ್ದದೊಡನೆಯೇ ಅದು ಮುಗಿಯುತ್ತದೆ. ಇದನ್ನು ಕರುಣವೆನ್ನಬಹುದಲ್ಲವೆ? ಎನ್ನಲಾಗದು. ಆ ಕೀರ್ತನೆಯಲ್ಲಿ ಕೂಗುವ ಕ್ರಿಯೆಯು ೩ ಸಲ ಬಂದಿದೆ: ಆರಂಭದಲ್ಲಿ ಹಗಲುರಾತ್ರಿ ಕೂಗಿದೆನೆಂದೂ, ನಡುವೆ ದಿನದಿನವೂ ಕೂಗಿದೆನೆಂದೂ, ಮುಂದೆ ಬೆಳಗ್ಗೆ ತನ್ನ ಪ್ರಾರ್ಥನೆಯು ಆತನೆದುರಿಗೆ ಬರುವುದೆಂದೂ. ಉತ್ತರವು ಬರಲಿಲ್ಲ, ಸಂಬೋಧನೆಯೂ ನಿಲ್ಲಲಿಲ್ಲ. ಅಪೇಕ್ಷೆಯು ಅರ್ಥದಲ್ಲಿ ಕಾಣದೆ ಸಂಬೋಧನಾವಿಭಕ್ತಿಯಲ್ಲಿ ಉಳಿದುಕೊಂಡಿದೆ. ಈ ಕೀರ್ತನೆಯನ್ನು ಸಂಕಲನದಿಂದ ತೆಗೆದುಹಾಕದೆ, ಸಂತೋಷದ ಬಾಲವನ್ನೂ ಅಂಟಿಸದೆ ಕಾಪಾಡಿದವರ ಔಚಿತ್ಯಜ್ಞಾನವು ಶ್ಲಾಘ್ಯವಾದುದು.

ದಾಸರ ನಿಂದಾಸ್ತುತಿಗಳನ್ನು ಬಲ್ಲ ಕನ್ನಡ ವಾಚಕರು ಈ ಮೊರೆಗಳನ್ನೂ ಅದೇ ಜಾತಿಗೆ ಸೇರಿಸಲು ಮನಸ್ಸು ಮಾಡಬಹುದು. ಆದರೆ ನಿಂದಾಸ್ತುತಿಯಲ್ಲಿ ನಿಂದೆಯು ವ್ಯಾಜ, ಸ್ತುತಿಯೇ ವಿವಕ್ಷಿತ. ಹೇಳುವವನೂ ಕೇಳುವವನೂ ಅದನ್ನು ಮೊದಲೇ ಬಲ್ಲರು. ಯೋಬನ ದೂರಿನಲ್ಲಿ ವ್ಯಾಜವಿಲ್ಲ. ಆತನು ಹೇಳಿದುದನ್ನು ಹೇಳಿದಂತೆಯೇ ಭಾವಿಸಿದ್ದಾನೆ. ಅಕ್ಕಮಹಾದೇವಿಯ ವಿರಹದ ವಚನಗಳು ಇದಕ್ಕೆ ಇನ್ನೂ ಸಮೀಪದವು; ಆದರೆ ಅಲ್ಲಿ ಅಗಲಿಕೆಯ ನೋವು ಉಂಟೇ ಹೊರತು ಅನ್ಯಾಯದ ಆರೋಪವು ಪ್ರಧಾನವಲ್ಲ.

ಫಲವು ಬೇರೆ ರೂಪದಿಂದ ಬರುವುದೆಂಬ ಸಮಾಧಾನವೊಂದು ಕ್ರೈಸ್ತ ವಾಙ್ಮಯದಲ್ಲಿ ಪ್ರಸಿದ್ಧವಾಗಿದೆ. ಸಂತ ಅಗಸ್ಟಿನನು ‘ಕನ್ಫೆಶನ್ಸ್’ ಎಂಬ ತನ್ನ ಗ್ರಂಥದ ೫ನೆಯ ಭಾಗದಲ್ಲಿ ಅದನ್ನು ಹೇಳಿದ್ದಾನೆ. ೩೮೩ರಲ್ಲಿ ಆತನು ತಾಯಿಯಾದ ಮೋನಿಕಳನ್ನು ವಂಚಿಸಿ ರಾತ್ರಿಯಲ್ಲಿ ಹಡಗನ್ನೇರಿ ರೋಮಿಗೆ ಹೊರಟುಹೋದನು. ಮಗನು ಹೋಗದಿರಲೆಂದು ಆಕೆ ಅದೇ ರಾತ್ರಿ ಅಳುತ್ತ ಪ್ರಾರ್ಥಿಸುತ್ತಿದ್ದಳು. ಆ ಪ್ರಾರ್ಥನೆಯು ಈಡೇರಲಿಲ್ಲ. ಆದರೆ ಇಟಲಿಗೆ ಹೋದುದರಿಂದಲೇ ಆತನಿಗೆ ೩೮೬ರಲ್ಲಿ ಮಿಲಾನಿನಲ್ಲಿ ಮನಃಪರಿವರ್ತನೆಯಾಗಿ, ೩೮೭ರಲ್ಲಿ ದೀಕ್ಷಾಸ್ನಾನವಾಯಿತು. ಆಕೆಯ ಬಹುಕಾಲದ ಬೇಡಿಕೆಯು ಅದೇ ಆಗಿತ್ತು. ಆ ರಾತ್ರಿಯ ಬೇಡಿಕೆಯನ್ನು ದೇವರು ನಿರಾಕರಿಸಿದುದು ನಿತ್ಯದ ಬೇಡಿಕೆಯನ್ನು ನೆರವೇರಿಸುವುದಕ್ಕಾಗಿ ಎಂದು ಅಗಸ್ಟಿನನ ನಿರ್ಣಯ. ನಿರ್ಣಯವು ಸುಂದರವಾಗಿದೆ; ಆದರೆ ಅದು ಅನೇಕ ವರ್ಷಗಳ ಮೇಲೆ ಹಿಂದಿರುಗಿ ನೋಡಿದವನ ನಿರ್ಣಯ. ಕಡಲತೀರದಲ್ಲಿ ಬೆಳಗಾದಾಗ ಹಡಗನ್ನು ಕಾಣದೆ ಗೋಳಿಟ್ಟ ತಾಯಿಗೆ ಅದನ್ನು ಯಾರಾದರೂ ಆಗಲೇ ಹೇಳಿದ್ದರೆ ಅದು ಎಲೀಫಜನ ಮಾತಾಗುತ್ತಿತ್ತು. ಯೋಬನ ಕವಿಯು ಈ ಹಿನ್ನೋಟವನ್ನು ತನ್ನ ನಾಯಕನಿಗೆ ಕೊಡಲಿಲ್ಲವಾದುದರಿಂದಲೇ, ಹಿನ್ನೋಟವಿನ್ನೂ ದೊರೆಯದ ದುಃಖಿಗಳಿಗೆ ಆ ಗ್ರಂಥವು ಹೆಚ್ಚು ಸಮೀಪವಾಗಿದೆ.

ಕಡೆಯದಾಗಿ ಗೆತ್ಸೇಮನೆಯ ಪ್ರಸಂಗ. ದುಃಖದ ಪಾತ್ರೆಯು ತನ್ನಿಂದ ತೊಲಗಲೆಂದು ಕ್ರಿಸ್ತನು ೩ ಸಲ ಪ್ರಾರ್ಥಿಸಿದನೆಂದೂ, ಮೂರನೆಯ ಸಲವೂ ಅದೇ ಮಾತುಗಳನ್ನು ಹೇಳಿದನೆಂದೂ ಮತ್ತಾಯನ ಸುವಾರ್ತೆಯಲ್ಲಿದೆ. ಬೇಡಿಕೆಯ ಜೊತೆಯಲ್ಲಿಯೇ ತಂದೆಯ ಚಿತ್ತದಂತೆ ಆಗಲೆಂಬ ಸಮರ್ಪಣೆಯೂ ಇದೆ. ಆದರೆ ಆ ಸಮರ್ಪಣೆಯು ಬೇಡಿಕೆಯನ್ನು ಅಳಿಸಲಿಲ್ಲ. ಪಾತ್ರೆಯು ತೊಲಗಲಿಲ್ಲ. ಹೀಗಿದ್ದರೂ ಇಬ್ರಿಯರಿಗೆ ಬರೆದ ಪತ್ರಿಕೆಯ ೫ನೆಯ ಅಧ್ಯಾಯದಲ್ಲಿ, ಮರಣದಿಂದ ತಪ್ಪಿಸಬಲ್ಲವನಿಗೆ ಆತನು ಕೂಗಿಟ್ಟು ಕಣ್ಣೀರಿಟ್ಟು ಪ್ರಾರ್ಥಿಸಿದನೆಂದೂ, ಆ ಪ್ರಾರ್ಥನೆಯು ಕೇಳಲ್ಪಟ್ಟಿತೆಂದೂ ಹೇಳಿದೆ. ಮರಣವು ತಪ್ಪದಿರುವಾಗ ಕೇಳಲ್ಪಟ್ಟಿತೆಂಬುದು ವಿರೋಧವೆಂದು ತೋರುವುದು. ಪುನರುತ್ಥಾನವೇ ಆ ಉತ್ತರವೆಂದು ಕೆಲವರು ವ್ಯಾಖ್ಯಾನಿಸುತ್ತಾರೆ. ಅದು ಆ ಮತಕ್ಕೆ ಸಮ್ಮತವಾದ ಅರ್ಥವೇ. ಆದರೆ ವಾಕ್ಯವು ‘ಕೊಡಲ್ಪಟ್ಟಿತು’ ಎನ್ನದೆ ‘ಕೇಳಲ್ಪಟ್ಟಿತು’ ಎಂದಿರುವುದನ್ನೂ ಗಮನಿಸಬೇಕು.

ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬೈಬಲನ್ನು ಕನ್ನಡಿಸಲು ತೊಡಗಿದಾಗ, ಅವರ ಕೈಗೆ ಬಂದ ಈ ಭಾಷೆಯಲ್ಲಿ ಗ್ರೀಕ್ ಹೀಬ್ರೂಗಳಿಗೆ ಇಲ್ಲದ ಒಂದು ಸೌಕರ್ಯವಿತ್ತು. ಕನ್ನಡದ ‘ಕೇಳು’ ಧಾತುವಿಗೆ ಬೇಡುವುದೆಂಬುದೂ ಅರ್ಥ, ಕಿವಿಗೊಡುವುದೆಂಬುದೂ ಅರ್ಥ. ಮನುಷ್ಯನು ಕೇಳುವುದಕ್ಕೂ ದೇವರು ಕೇಳುವುದಕ್ಕೂ ಕ್ರಿಯಾಪದವು ಒಂದೇ. ಈ ಭಾಷೆಯಲ್ಲಿ ಯೋಬನ ಗ್ರಂಥವನ್ನು ಪಾಠ ಹೇಳುವವರು, ಆತನು ಸುಮ್ಮನಿದ್ದುದರಿಂದ ಮೆಚ್ಚುಗೆಯನ್ನು ಪಡೆದನೆಂದು ಹೇಳದೆ, ಕೇಳುವವನಿದ್ದಾನೆಂಬ ನಿಶ್ಚಯದಿಂದ ಕೇಳುತ್ತಲೇ ಇದ್ದುದರಿಂದ ಮೆಚ್ಚುಗೆಯನ್ನು ಪಡೆದನೆಂದು ಹೇಳುವುದು ಮೂಲಕ್ಕೆ ಅನುಗುಣವಾಗುತ್ತದೆ. ಉತ್ತರವು ಬಂದಾಗಲೂ ಬಾರದಿರುವಾಗಲೂ ಆ ಸ್ಥಳವನ್ನು ಬಿಡದಿರುವುದೇ ಯೋಬನ ತಾಳ್ಮೆಯೆಂದು ನಿಷ್ಕರ್ಷಿಸಬಹುದು.